‘ಆಗಲಿ’ ಎಂಬುದರ ಏಕಮಾನ

1999ನೆಯ ಇಸವಿ ಸೆಪ್ಟೆಂಬರ್ 23ರಂದು ಅಮೆರಿಕದ ವ್ಯೋಮನೌಕೆಯೊಂದು ಮಂಗಳಗ್ರಹದ ಹಿಂಬದಿಗೆ ಸರಿದುದು ಮರಳಿ ಕಾಣಿಸಿಕೊಳ್ಳಲಿಲ್ಲ. ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬುದು ಅದರ ಹೆಸರು. ಗ್ರಹದಿಂದ ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗಬೇಕಾಗಿದ್ದ ಈ ನೌಕೆಯು 57 ಕಿಲೋಮೀಟರಿನಷ್ಟು ಕೆಳಕ್ಕೆ ಇಳಿದಿತ್ತೆಂದು ಅನಂತರದ ಗಣನೆಯಿಂದ ತಿಳಿದುಬಂದಿತು. ಕಾರಣವನ್ನು ಕೇಳಿದರೆ ನಮ್ಮ ಪ್ರಥಮ ವರ್ಷದ ವಿದ್ಯಾರ್ಥಿಗಳೂ ನಕ್ಕಾರು. ಡೆನ್ವರಿನ ತಂಡದ ತಂತ್ರಾಂಶವು ಎಂಜಿನ್ನುಗಳ ನೂಕಿನ ಪ್ರಮಾಣವನ್ನು ಪೌಂಡ್-ಸೆಕೆಂಡುಗಳಲ್ಲಿ ಕೊಟ್ಟಿತ್ತು. ಪಸಾಡಿನದ ತಂಡವು ಅದನ್ನು ನ್ಯೂಟನ್-ಸೆಕೆಂಡುಗಳೆಂದೇ ತಿಳಿದು ಲೆಕ್ಕಹಾಕಿತು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ಪಥದಲ್ಲಿ ಏನೋ ವ್ಯತ್ಯಾಸವಿದೆಯೆಂಬ ಸಂಶಯ ಕೆಲವರಿಗೆ ಮೊದಲೇ ಬಂದಿತ್ತಂತೆ. ಆದರೆ ಅದನ್ನು ವಿಧಿವತ್ತಾಗಿ ದಾಖಲಿಸಿ, ಉತ್ತರ ಬರುವವರೆಗೂ ಬಿಡದೆ ಕೇಳುವ ಕೆಲಸ ನಡೆಯಲಿಲ್ಲ.

ಈ ವೃತ್ತಾಂತವು ನಮಗೆ ನೆನಪಾದುದು ಕುಂದಲಹಳ್ಳಿಯಲ್ಲಿ. ಒಂದು ಕಾಲಕ್ಕೆ ಹೊಲ, ಕೆರೆಗಳ ಹಳ್ಳಿಯಾಗಿದ್ದ ಈ ಊರಿಗೆ 2023ರ ಮಾರ್ಚಿಯಲ್ಲಿ ಮೆಟ್ರೋ ರೈಲು ಬಂದಿತು. ಮುಂಜಾನೆ ನಿಲ್ದಾಣದ ಮೆಟ್ಟಿಲುಗಳಲ್ಲಿ ನಿಂತು ಕಿವಿಗೊಟ್ಟರೆ ಐದಾರು ಭಾಷೆಗಳು ಕೇಳಿಬರುತ್ತವೆ. ಅವರಲ್ಲಿ ಅನೇಕರು ಸಂಜೆ ಮಾತನಾಡಬೇಕಾದುದು ಕ್ಯಾಲಿಫೋರ್ನಿಯದವರೊಡನೆ. ನಮಗೆ ನಡುಹಗಲಾದರೆ ಅವರಿಗೆ ನಡುರಾತ್ರಿ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಅಲ್ಲಿಯ ಕಂಪನಿಯೊಂದನ್ನು ಸೇರಿದನು. ಕೋಲಾರದ ಕಡೆಯವನು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ‘ಶುಕ್ರವಾರಕ್ಕೆ ಮುಗಿಯುವುದೇ?’ ಎಂದು ದೂರದೇಶದ ಗ್ರಾಹಕನು ಕೇಳಿದಾಗ ಇವನು ‘ಯೆಸ್ ಸರ್’ ಎಂದನು. ಹಿರಿಯರು ಮಾತನಾಡುವಾಗ ಹೂಂಗುಟ್ಟುವುದು ನಮ್ಮಲ್ಲಿ ‘ಕೇಳಿಸಿಕೊಂಡೆ’ ಎಂಬುದರ ಗುರುತು, ಮರ್ಯಾದೆ ಕೂಡ. ಗ್ರಾಹಕನು ಅದನ್ನು ವಾಗ್ದಾನವೆಂದು ಬರೆದುಕೊಂಡನು. ಶುಕ್ರವಾರ ಬಂದಿತು, ಕೆಲಸ ಮುಗಿದಿರಲಿಲ್ಲ. ಹುಡುಗನ ವಾರ್ಷಿಕ ವರದಿಯಲ್ಲಿ ‘ನೆಚ್ಚುವಂತಿಲ್ಲ’ ಎಂಬ ಮಾತು ಸೇರಿತು.

ಕಾಲ ಚೆನ್ನಾಗಿದ್ದರೆ ಇಂತಹ ಮಾತನ್ನು ತೊಳೆದುಕೊಳ್ಳಬಹುದು. 2020ರಲ್ಲಿ ಕಚೇರಿಗಳು ಮನೆಗಳಿಗೆ ಬಂದವು. ತಲೆಯಾಡಿಸಿದ್ದು, ಮುಖ ಸಪ್ಪೆಯಾದದ್ದು ಯಾರಿಗೂ ಕಾಣದಾಯಿತು. 2022ರ ನವೆಂಬರಿನಲ್ಲಿ ಮೆಟಾ ಸಂಸ್ಥೆಯು ಸುಮಾರು 11,000 ಜನರನ್ನೂ, 2023ರ ಜನವರಿಯಲ್ಲಿ ಗೂಗಲ್ ಸುಮಾರು 12,000 ಜನರನ್ನೂ ಕೆಲಸದಿಂದ ತೆಗೆಯುವುದಾಗಿ ಸಾರಿದವು. ಇಂತಹ ಸುದ್ದಿಗಳ ನಡುವೆ ‘ನನಗೆ ತಿಳಿಯಲಿಲ್ಲ’ ಎಂದು ಬಾಯಿಬಿಡುವವರಾರು? ಪ್ರಶ್ನೆಗಳು ಅತ್ಯಗತ್ಯವಾದ ಗಳಿಗೆಯಲ್ಲಿಯೇ ಬಾಯಿಗೆ ಬೀಗ ಬೀಳುವುದು.

ಪರಸಂಸ್ಕೃತಿಗಳೊಡನೆ ಚುರುಕಾಗಿ ಹೊಂದಿಕೊಳ್ಳಬೇಕೆಂದು ತರುಣರಿಗೆ ಈಗ ಎಲ್ಲೆಡೆ ಉಪದೇಶ ನಡೆಯುತ್ತಿದೆ. ಉಚ್ಚಾರಣೆ ತಿದ್ದಿಕೊಳ್ಳುವುದು, ಕೈಕುಲುಕುವುದು, ಹವೆಯ ವಿಷಯ ಮಾತನಾಡುವುದು ಮುಂತಾಗಿ. ಇದರಲ್ಲಿ ನಮಗೆ ಹೆಚ್ಚಿನ ನಂಬಿಕೆಯಿಲ್ಲ. ಸೆಲ್ಸಿಯಸ್ ಉಷ್ಣಮಾಪಕವು ಫ್ಯಾರನ್‌ಹೀಟಿನಂತೆ ವೇಷ ಹಾಕಬೇಕಾಗಿಲ್ಲ. ತಾನು ಯಾವುದೆಂದು ತಿಳಿಸಿದರೆ ಸಾಕು, ಪರಿವರ್ತನೆ ಸಾಧ್ಯ. ‘ಹೂಂ’ ಎನ್ನುವ ಬದಲು ‘ಸೋಮವಾರಕ್ಕಾದೀತು, ಪರೀಕ್ಷೆ ಇನ್ನೂ ಬಾಕಿಯಿದೆ’ ಎನ್ನುವುದು ಒರಟುತನವಲ್ಲ.

ಆದರೆ ಈ ಹೊರೆಯನ್ನು ಹೊಸಬನ ತಲೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಕೇಳುವವನು ‘ಮುಗಿಯುವುದೇ?’ ಎಂಬುದನ್ನು ಬಿಟ್ಟು ‘ಏನೇನು ಉಳಿದಿದೆ?’ ಎಂದು ಕೇಳಲಿ. ಆ ಪ್ರಶ್ನೆಗೆ ಬರಿಯ ಹೂಂಕಾರದಿಂದ ಉತ್ತರ ಕೊಡಲಾಗದು. ಕೆಲಸದಿಂದ ತೆಗೆಯುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರು ಮೊದಲು ಬಾಗತಕ್ಕದ್ದು. ಸಭೆಯಲ್ಲಿ ಮೌನವಾಗಿರುವ ಹಳ್ಳಿಯ ಹುಡುಗನನ್ನು ಮಂದಮತಿಯೆಂದು ತೀರ್ಮಾನಿಸುವವರ ಬಗ್ಗೆ ನಮಗೆ ಸಿಟ್ಟು ಬರುವುದುಂಟು. ಆದರೆ ಒಡಿಶಾದಿಂದ ಬಂದು ಪಕ್ಕದಲ್ಲಿ ಕುಳಿತವನ ಮೌನವನ್ನು ನಾವೂ ಹಾಗೆಯೇ ಅಳೆಯುತ್ತೇವೆ.

ಆ ವಿದ್ಯಾರ್ಥಿಯು ಕಳೆದ ತಿಂಗಳು ಬಂದಿದ್ದನು. ಪ್ರತಿ ಸಭೆಯ ಬಳಿಕ, ತಾನು ಒಪ್ಪಿದುದೇನು, ಒಪ್ಪದುದೇನು, ಯಾವ ದಿನಕ್ಕೆ ಎಂದು ನಾಲ್ಕು ಸಾಲು ಬರೆದು ಎಲ್ಲರಿಗೂ ಕಳುಹಿಸುತ್ತಿರುವನಂತೆ. ಪ್ರಯೋಗಶಾಲೆಯಲ್ಲಿ ಏಕಮಾನ ಬರೆಯದೆ ಬಿಟ್ಟು, ನಾವು ಅರ್ಧ ಅಂಕ ಕಳೆದುದಕ್ಕೆ ವಾರವಿಡೀ ಮುನಿಸಿಕೊಂಡಿದ್ದವನು ಇವನೇ.