ಕಾಗದದ ಮಡಿಕೆಯ ಕೆಲಸವೂ ಮನೆಯ ಹಿರಿಯರೂ

ಪ್ರತಿವರ್ಷವೂ ಡಿಸೆಂಬರ್ ತಿಂಗಳಲ್ಲಿ ನಮ್ಮ ಶಾಲೆಯ ಹುಡುಗಿಯರು ನಾಲ್ಕಾರು ಕ್ರಿಸ್ಮಸ್ ಗೀತಗಳನ್ನು ಅಭ್ಯಾಸಮಾಡಿ, ಒಂದು ಸಾಯಂಕಾಲ ವೃದ್ಧರಿರುವ ಮನೆಗಳಿಗೆ ಹೋಗಿ ಹಾಡಿ, ಕೇಕಿನ ತುಂಡುಗಳನ್ನು ಹಂಚಿ, ಒಂದು ಭಾವಚಿತ್ರವನ್ನು ತೆಗೆಯಿಸಿಕೊಂಡು ಮರಳಿ ಬರುವ ಪದ್ಧತಿಯುಂಟು. ಈ ಪದ್ಧತಿಯು ಕೆಟ್ಟದ್ದೆಂದು ನಾನು ಹೇಳಲಾರೆನು. ಆದರೆ ಅಲ್ಲಿ ಹಾಡುವವರು ನಿಂತೇ ಇರುವರು, ಕೇಳುವವರು ಕುಳಿತೇ ಇರುವರು. ಕೊಡುವವರು ಯಾವಾಗಲೂ ಕಿರಿಯರು, ತೆಗೆದುಕೊಳ್ಳುವವರು ಯಾವಾಗಲೂ ಹಿರಿಯರು. ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿದುಹೋಗುವುದು. ಹಿಂದಿರುಗುವಾಗ, ಆ ಮನೆಯ ಅಜ್ಜಿಯ ಹೆಸರೇನೆಂದು ಕೇಳಿದರೆ ಹೇಳಬಲ್ಲ ಹುಡುಗಿಯರು ಒಬ್ಬಿಬ್ಬರು ಮಾತ್ರ. ಆದಕಾರಣ ಹಾಡುಗಳನ್ನು ಎರಡಕ್ಕೆ ಇಳಿಸಿ, ಒಂದು ಗಂಟೆಯ ಕಾಲ ಹಿರಿಯರ ಪಕ್ಕದಲ್ಲಿ ಕುಳಿತು ಅವರೊಡನೆ ಕಾಗದವನ್ನು ಮಡಿಸಿ ಹಬ್ಬದ ಅಲಂಕಾರಗಳನ್ನು ಮಾಡಬೇಕೆಂದೂ, ಇದನ್ನೇ ತಂದೆತಾಯಿಗಳು ತಮ್ಮ ತಮ್ಮ ಮನೆಗಳಲ್ಲಿಯೂ ಮಾಡಿಸಬೇಕೆಂದೂ ನನ್ನ ಅಭಿಪ್ರಾಯವು.

ಕಾಗದವನ್ನು ಮಡಿಸುವುದು ಚಿಕ್ಕ ಮಕ್ಕಳ ಆಟವಲ್ಲವೇ, ಪ್ರೌಢಶಾಲೆಯ ಹುಡುಗಿಯರಿಗೆ ಇದೇಕೆ, ಎಂದು ಪಾಲಕರೊಬ್ಬರು ಕೇಳಿದರು. ಚಿಕ್ಕ ಮಕ್ಕಳ ಆಟವೆಂಬುದು ನಿಜವೇ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಬಾಲಶಿಕ್ಷಣದ ಕಾರ್ಯವನ್ನಾರಂಭಿಸಿದ ಫ್ರೋಬೆಲರು ಮಕ್ಕಳ ಕೈಗೆಲಸಗಳಲ್ಲಿ ಇದನ್ನೂ ಒಂದಾಗಿ ಸೇರಿಸಿದರು. ಆದರೆ ಆ ಬೀಜವು ನಮ್ಮ ದೇಶದಲ್ಲಿ ಎಂಥ ಫಲವನ್ನು ಕೊಟ್ಟಿತೆಂಬುದನ್ನು ನೋಡಿರಿ. ಟಿ. ಸುಂದರ ರಾವ್ ಎಂಬವರು ಫ್ರೋಬೆಲರ ಈ ಪಾಠದಿಂದಲೇ ಪ್ರೇರಿತರಾಗಿ, ಕಾಗದದ ಮಡಿಕೆಗಳ ಮೂಲಕ ರೇಖಾಗಣಿತವನ್ನು ಕಲಿಸುವ ಒಂದು ಇಂಗ್ಲಿಷ್ ಗ್ರಂಥವನ್ನು ಬರೆದರು. ಅದು 1893ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಜರ್ಮನಿಯ ಪ್ರಸಿದ್ಧ ಗಣಿತಜ್ಞರಾದ ಫೆಲಿಕ್ಸ್ ಕ್ಲೈನರು ಅದನ್ನು ತಮ್ಮ ಗ್ರಂಥದಲ್ಲಿ ಉಲ್ಲೇಖಿಸಿದರು. 1901ರಲ್ಲಿ ಅದು ಅಮೇರಿಕದ ಷಿಕಾಗೋ ನಗರದಲ್ಲಿಯೂ ಪ್ರಕಟವಾಯಿತು. ಹಬ್ಬದ ನಕ್ಷತ್ರಕ್ಕೂ ಗಣಿತದ ಪಾಠಕ್ಕೂ ನಂಟು ಹಳೆಯದೇ. ಇಂದು ಅನೇಕ ದೇಶಗಳ ದೇವಾಲಯಗಳಲ್ಲಿ ತೂಗುವ, ಬಹುಕೋನಗಳುಳ್ಳ ಮೊರೇವಿಯನ್ ನಕ್ಷತ್ರವು, ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಜರ್ಮನಿಯ ನೀಸ್ಕಿ ಎಂಬಲ್ಲಿನ ಮೊರೇವಿಯನ್ ಸಭೆಯವರ ಶಾಲೆಯಲ್ಲಿ ಗಣಿತದ ಪಾಠಕ್ಕಾಗಿ ಹುಟ್ಟಿದ್ದು. ಇದಕ್ಕಿಂತ ಹೆಚ್ಚಿನ ಸಮರ್ಥನೆಯು ಬೇಕಾಗಿಲ್ಲವೆಂದು ಭಾವಿಸುತ್ತೇನೆ.

ನಮ್ಮ ಮಡಿಕೇರಿಗೆ ಈ ಕೆಲಸವು ಡಿಸೆಂಬರಿನಲ್ಲಿಯೇ ಒಪ್ಪುವುದು. ಮಳೆಗಾಲದಲ್ಲಿ ಇಲ್ಲಿ ಪುಸ್ತಕದ ಹಾಳೆಯೂ ಒದ್ದೆಬಟ್ಟೆಯಂತೆ ಮೆತ್ತಗಾಗಿ, ಹಾಕಿದ ಮಡಿಕೆಯು ನಿಲ್ಲುವುದಿಲ್ಲ. ಚಳಿಗಾಲ ಬಂದೊಡನೆ ಕಾಗದವು ಗರಿಗರಿಯಾಗುವುದು. ಅದಲ್ಲದೆ ವರ್ಷಾಂತ್ಯದಲ್ಲಿ ಪ್ರತಿ ಮನೆಯಲ್ಲಿಯೂ ಕ್ಯಾಲೆಂಡರಿನ ಹನ್ನೊಂದು ತಿಂಗಳ ಹಾಳೆಗಳು ಕೆಲಸವಿಲ್ಲದೆ ಬಿದ್ದಿರುವವು. ಒಂದು ಮಗ್ಗುಲು ಬಣ್ಣ, ಇನ್ನೊಂದು ಮಗ್ಗುಲು ಬಿಳುಪಾಗಿರುವ ಹಾಳೆಯೇ ಉತ್ತಮ; ಯಾಕಂದರೆ ಕಣ್ಣು ಮಂದವಾದವರಿಗೆ ಎರಡು ಮಗ್ಗುಲುಗಳ ಭೇದವು ಸುಲಭವಾಗಿ ತಿಳಿಯುವುದು.

ಜಪಾನೀಯರು ಓರಿಗಾಮಿ ಎಂದು ಕರೆಯುವ ಈ ವಿದ್ಯೆಯಲ್ಲಿ ಕೊಕ್ಕರೆಯೇ ಮೊದಲಾದ ಅತಿ ಸುಂದರವಾದ ರೂಪಗಳಿವೆ. ಆದರೆ ಎಂಬತ್ತು ವರ್ಷದ ಬೆರಳುಗಳಿಗೆ ಅವು ದುಸ್ಸಾಧ್ಯ. ಅವರಿಗಾಗಿ ನಾನು ಆರಿಸಿಕೊಂಡಿರುವುದು ನಿರಿಗೆಯ ನಕ್ಷತ್ರವನ್ನು. ಉದ್ದವು ಅಗಲದ ಇಮ್ಮಡಿಗಿಂತ ಸ್ವಲ್ಪ ಹೆಚ್ಚಾಗಿರುವ ಹಾಳೆಯನ್ನು ತೆಗೆದುಕೊಳ್ಳಬೇಕು. ಕ್ಯಾಲೆಂಡರಿನ ಹಾಳೆಯನ್ನು ಉದ್ದಕ್ಕೆ ಸೀಳಿದರೆ ಅಂಥವು ಎರಡು ದೊರೆಯುವವು. ಗಿಡ್ಡ ಅಂಚಿನಿಂದ ತೊಡಗಿ, ಬೆರಳಿನ ಅಗಲದಷ್ಟನ್ನು ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ಮಡಿಸುತ್ತಾ ಕೊನೆಯವರೆಗೆ ಹೋಗಬೇಕು. ಆಗ ಕೈಯಲ್ಲಿ ಒಂದು ಪಟ್ಟಿಯು ಉಳಿಯುವುದು. ಅದರ ನಡುವಿಗೆ ದಾರವನ್ನು ಬಿಗಿದು, ಎರಡು ತುದಿಗಳನ್ನೂ ಓರೆಯಾಗಿ ಕತ್ತರಿಸಿ, ಎರಡು ಕಡೆಗೂ ಬೀಸಣಿಗೆಯಂತೆ ಬಿಡಿಸಿ, ಒಂದನ್ನೊಂದು ಮುಟ್ಟುವ ಅಂಚುಗಳನ್ನು ಅಂಟಿಸಿದರೆ ನಕ್ಷತ್ರವು ಸಿದ್ಧ. ಕತ್ತರಿಯು ಹುಡುಗಿಯ ಕೈಯಲ್ಲಿರಲಿ, ನಿರಿಗೆಯು ಅಜ್ಜಿಯ ಕೈಯಲ್ಲಿರಲಿ. ಹೆಬ್ಬೆರಳಿನಲ್ಲಿ ಬಲವಿಲ್ಲದವರು ಚಮಚದ ಬೆನ್ನಿನಿಂದ ಮಡಿಕೆಯನ್ನು ಒತ್ತಬಹುದು. ಇದೇ ನಿರಿಗೆಯನ್ನು ಮೇಲಿನ ಕಾಲುಭಾಗದಲ್ಲಿ ಕಟ್ಟಿ ಕೆಳಗೆ ಹರಡಿದರೆ ದೇವದೂತನ ನಿಲುವಂಗಿಯಾಗುವುದು. ಚಿಕ್ಕದೊಂದನ್ನು ನಡುವೆ ಕಟ್ಟಿ ಹಿಂದೆ ಸೇರಿಸಿದರೆ ರೆಕ್ಕೆಗಳು.

ನಿರಿಗೆಯನ್ನೇ ಆರಿಸಿದ ಕಾರಣವನ್ನು ಹೇಳಬೇಕಷ್ಟೆ. ಇದು ನಮ್ಮ ಅಜ್ಜಿಯರಿಗೆ ಹೊಸ ವಿದ್ಯೆಯಲ್ಲ. ಅರವತ್ತು ವರ್ಷಗಳಿಂದ ದಿನಬೆಳಗಾದರೆ ಸೀರೆಗೆ ನಿರಿಗೆ ಹಿಡಿದ ಬೆರಳುಗಳು ಅವರವು. ಕೊಡಗಿನ ಸ್ತ್ರೀಯರು ನಿರಿಗೆಗಳನ್ನು ಬೆನ್ನಿನ ಕಡೆಗೆ ಸಿಕ್ಕಿಸಿಕೊಳ್ಳುವವರು. ಅಲ್ಲಿ ಕಣ್ಣಿಗಿಂತ ಬೆರಳಿನ ಲೆಕ್ಕವೇ ಮುಖ್ಯ. ಯಾವ ಹುಡುಗಿಯು ಕಲಿಸುವೆನೆಂದು ಪಕ್ಕದಲ್ಲಿ ಕುಳಿತಳೋ ಅವಳೇ ಐದು ನಿಮಿಷಗಳಲ್ಲಿ ಕಲಿಯುವವಳಾಗುವಳು. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ಕ್ರೈಸ್ತ ಕುಟುಂಬಗಳಲ್ಲಿ ಗರಿಗಳ ಭಾನುವಾರದಂದು ಎಳೆಯ ತೆಂಗಿನ ಗರಿಯಿಂದ ಶಿಲುಬೆಯನ್ನು ಮಡಿಸಬಲ್ಲ ಮುದುಕರು ಈಗಲೂ ಇದ್ದಾರೆ. ಬಾಲ್ಯದಲ್ಲಿ ಗರಿಯ ಚೆಂಡನ್ನು ಹೆಣೆದವರಿಗೆ, ಫ್ರೋಬೆಲರ ಹೆಸರಿನಿಂದ ಪ್ರಸಿದ್ಧವಾದ, ನಾಲ್ಕು ಕಾಗದದ ಪಟ್ಟಿಗಳ ನಕ್ಷತ್ರವು ಕಷ್ಟವೆನಿಸದು. ನಮ್ಮಲ್ಲಿ ಓದುವವರಲ್ಲಿ ಬಹು ಮಂದಿ ಕ್ರೈಸ್ತರಲ್ಲವೆಂಬುದನ್ನು ಬಲ್ಲೆನು. ಹುತ್ತರಿಯ ರಾತ್ರಿ ನೆರೆ ಕಟ್ಟಲು ಎಲೆಗಳನ್ನು ಜೋಡಿಸಿ ಮಡಿಸಿದ ಹಿರಿಯರಿರುವ ಮನೆಗಳಲ್ಲಿ, ಅದಾದ ಕೆಲವೇ ವಾರಗಳಲ್ಲಿ ಬರುವ ನಮ್ಮ ಹಬ್ಬಕ್ಕೆ ಒಂದು ಹಾಳೆಯನ್ನು ಮಡಿಸಿಕೊಡಲು ಅವರು ಹಿಂಜರಿಯರೆಂದು ಅನುಭವದಿಂದ ಹೇಳುತ್ತೇನೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಕೆಳಗೆ, ಬೇರೊಂದು ಊರಿನಲ್ಲಿ ಉಪಾಧ್ಯಾಯಿನಿಯಾಗಿದ್ದಾಗ, ಹುಡುಗಿಯರನ್ನು ಒಂದು ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋಗಿ ಇದೇ ನಕ್ಷತ್ರಗಳನ್ನು ಮಾಡಿಸಿದೆನು. ಕೈ ನಡುಗುತ್ತಿದ್ದ ಒಬ್ಬ ವೃದ್ಧೆಯ ನಕ್ಷತ್ರವು ಬಹಳ ಸೊಟ್ಟಗಾಗಿತ್ತು. ಒಂದು ನಿರಿಗೆ ಅಗಲ, ಒಂದು ಕಿರಿದು. ಅಂಚುಗಳು ಕೂಡಿಕೊಳ್ಳದೆ ಒಂದು ಕಡೆ ಬಿರುಕಾಗಿತ್ತು. ಹಬ್ಬದ ದಿನ ಅತಿಥಿಗಳು ಬರುವರಲ್ಲಾ ಎಂದು ಯೋಚಿಸಿ, ಆ ರಾತ್ರಿಯೇ ಅದನ್ನು ತೆಗೆದುಹಾಕಿ, ಅದೇ ಕ್ಯಾಲೆಂಡರಿನ ಬೇರೊಂದು ಹಾಳೆಯಿಂದ ಅಂದವಾದದ್ದೊಂದನ್ನು ಮಾಡಿ ಅದೇ ದಾರಕ್ಕೆ ಕಟ್ಟಿದೆನು. ಯಾರಿಗೂ ತಿಳಿಯದೆಂದು ನನ್ನ ಎಣಿಕೆ. ಹಬ್ಬದ ದಿನ ಆಕೆಯು ನಕ್ಷತ್ರದ ಕೆಳಗೆ ಬಹು ಹೊತ್ತು ನಿಂತಿದ್ದು, “ಟೀಚರಮ್ಮಾ, ನನ್ನದರಲ್ಲಿ ಏಳನೇ ತಾರೀಕು ಹೊರಗೆ ಕಾಣುತ್ತಿತ್ತು. ಅದೆಲ್ಲಿ ಹೋಯಿತು?” ಎಂದು ಕೇಳಿದರು. ಆ ಅಂಕೆಯು ಮರೆಯಾಗಬಾರದೆಂದೇ ಆಕೆಯು ಆ ಒಂದು ನಿರಿಗೆಯನ್ನು ಅಗಲವಾಗಿ ಹಿಡಿದಿದ್ದರೆಂದು ಅವರ ಪಕ್ಕದಲ್ಲಿ ಕುಳಿತಿದ್ದ ಹುಡುಗಿಯು ಆಮೇಲೆ ನನಗೆ ತಿಳಿಸಿದಳು. ಏಳನೆಯ ತಾರೀಕಿನಂದು ಅವರ ಬಾಳಿನಲ್ಲಿ ಏನಾಗಿತ್ತೆಂದು ನಾನು ಕೇಳಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ. ಹಳೆಯ ನಕ್ಷತ್ರವನ್ನು ಹುಡುಕಿಸಿದೆನು. ಅದು ಅಷ್ಟರಲ್ಲಿಯೇ ಕಸದೊಡನೆ ಸುಟ್ಟುಹೋಗಿತ್ತು.

ಅಂದಿನಿಂದ ನನ್ನ ತರಗತಿಗಳಲ್ಲಿ ಒಬ್ಬರ ಮಡಿಕೆಯನ್ನು ಇನ್ನೊಬ್ಬರು ತಿದ್ದಬಾರದೆಂಬ ನಿಯಮವಿದೆ. ಮಾಡಿದವರ ಹೆಸರನ್ನು ಹಿಂಬದಿಯಲ್ಲಿ ಸೀಸದಕಡ್ಡಿಯಿಂದ ಹುಡುಗಿಯು ಬರೆಯಬೇಕು. ಬರೆಯಬೇಕಾದರೆ ಹೆಸರನ್ನು ಕೇಳಲೇಬೇಕಾಗುವುದು. ಸೊಟ್ಟಗಿನದೂ ನೆಟ್ಟಗಿನದೂ ಒಂದೇ ಸಾಲಿನಲ್ಲಿ ತೂಗಬೇಕು. ಗೋದಲಿಯ ಬಳಿಯ ಅಲಂಕಾರವು ಅಂಗಡಿಯದರಂತೆ ಕಾಣುವುದಿಲ್ಲವೆಂದು ಗೊಣಗುವವರಿದ್ದಾರೆ. ಪೇಟೆಯಲ್ಲಿ ಸಿಕ್ಕುವ ಪ್ಲಾಸ್ಟಿಕ್ ನಕ್ಷತ್ರವು ಮಿನುಗುವುದೇನೋ ನಿಜ. ಬಿದಿರಿನ ಸೀಳುಗಳಿಗೆ ಬಣ್ಣದ ತೆಳುಕಾಗದವನ್ನು ಅಂಟಿಸಿ ಮನೆಯಲ್ಲಿಯೇ ನಕ್ಷತ್ರವನ್ನು ಕಟ್ಟುತ್ತಿದ್ದ ಕಾಲದಲ್ಲಿ ಅಂಟು ಬಳಿಯುವ ಕೆಲಸಕ್ಕಾದರೂ ಅಜ್ಜನನ್ನು ಕರೆಯುತ್ತಿದ್ದರು. ಈಗ ಪೆಟ್ಟಿಗೆಯಿಂದ ತೆಗೆದು ತೂಗಹಾಕುವುದಕ್ಕೆ ಯಾರನ್ನೂ ಕರೆಯಬೇಕಾಗಿಲ್ಲ. ನನ್ನ ದೂರು ಪ್ಲಾಸ್ಟಿಕ್ಕಿನ ಮೇಲೆ ಇರುವುದಕ್ಕಿಂತಲೂ ಇದರ ಮೇಲೆ ಹೆಚ್ಚು.

ಪರೀಕ್ಷೆಗೆ ಓದುವ ವೇಳೆಯು ಹಾಳಾಗುವುದೆಂಬ ಮಾತಿಗೆ, ಒಂದು ವಾರದಲ್ಲಿ ಮೊಬೈಲಿನ ಮುಂದೆ ಕಳೆಯುವ ಗಂಟೆಗಳನ್ನು ಪಾಲಕರೇ ಎಣಿಸಿ ನೋಡಲೆಂದು ಬಿಡುತ್ತೇನೆ.

ಪೂರ್ವ ವಿದ್ಯಾರ್ಥಿನಿಯರಲ್ಲಿ ನನ್ನದೊಂದು ಕೋರಿಕೆ. ಸಮೀಪದಲ್ಲಿರುವವರು ತಮ್ಮ ತಾಯಂದಿರನ್ನೂ ಅತ್ತೆಯರನ್ನೂ ಡಿಸೆಂಬರಿನ ಎರಡನೆಯ ಶನಿವಾರ ಮಧ್ಯಾಹ್ನ ಶಾಲೆಗೆ ಕರೆತರಬೇಕು. ಮೆಟ್ಟಿಲು ಹತ್ತಲಾರದವರಿಗಾಗಿ ಕೆಳಗಿನ ಕೋಣೆಯಲ್ಲಿಯೇ ಮೇಜುಗಳನ್ನು ಹಾಕಿಸುವೆವು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮೊದಲನೆಯ ವಾರದೊಳಗೆ ಕಳುಹಿಸಿಕೊಟ್ಟರೆ ಉಪಕಾರವಾಗುವುದು. ಅಂಟನ್ನು ಮೈದಾಹಿಟ್ಟಿನಿಂದ ನಾವೇ ಕಾಯಿಸಿಕೊಳ್ಳುತ್ತೇವೆ.