ಒಂದೇ ರೆಂಬೆಯಲ್ಲಿ ನಾಲ್ಕು ಬಗೆಯ ಜೀವ

ಪಶ್ಚಿಮ ಘಟ್ಟದ ಮಳೆಕಾಡುಗಳಲ್ಲಿ, ಹೆಮ್ಮರಗಳ ನೆರಳಿನಡಿ ಬೆಳೆಯುವ ಸಣ್ಣ ಮರವೊಂದಿದೆ. ಸಸ್ಯಶಾಸ್ತ್ರಜ್ಞರು ಅದಕ್ಕೆ ಹಂಬೋಲ್ಟಿಯಾ ಬ್ರುನೋನಿಸ್ ಎಂದು ಹೆಸರಿಟ್ಟಿದ್ದಾರೆ. ಅದರ ಕೆಲವು ರೆಂಬೆಗಳಲ್ಲಿ ಗೆಣ್ಣುಗಳ ನಡುವಣ ಭಾಗವು ಉಬ್ಬಿ ಟೊಳ್ಳಾಗಿ, ಬಾಗಿಲಿನಂತಹ ಸೀಳೊಂದು ತಾನಾಗಿಯೇ ತೆರೆದುಕೊಳ್ಳುತ್ತದೆ. ಇರುವೆಗಳು ಒಳಹೊಕ್ಕು ಸಂಸಾರ ಹೂಡುತ್ತವೆ. ಎಳೆಯೆಲೆ, ಮೊಗ್ಗುಗಳ ಬಳಿ ಮರವು ಸ್ರವಿಸುವ ಮಧು ಅವುಗಳಿಗೆ ಆಹಾರ. ಎಲೆ ಮೇಯಲು ಬರುವ ಕೀಟಗಳನ್ನು ಅಟ್ಟುವುದು ಇರುವೆಗಳು ತೀರಿಸುವ ಋಣ.

ಈ ನಂಟನ್ನು ಕೇಳಿದ ಶ್ರಾವಕನಿಗೆ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ನೆನಪಾಗದಿರದು. ಜೀವಗಳು ಪರಸ್ಪರ ‘ಉಪಗ್ರಹ’ ಮಾಡುವುದನ್ನು ಉಮಾಸ್ವಾಮಿ ಆಚಾರ್ಯರು ಅಲ್ಲಿ ಹೇಳಿದ್ದಾರೆ. ಇಂದಿನ ಕನ್ನಡದಲ್ಲಿ ಉಪಗ್ರಹವೆಂದರೆ ಭೂಮಿಯನ್ನು ಸುತ್ತುವ ಯಂತ್ರ. ಶಾಸ್ತ್ರದಲ್ಲಿ ಅದು ಉಪಕಾರ. ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ವೇಳೆ ರೂಪುಗೊಂಡ ಜೈನ ಲಾಂಛನದಡಿ ಇದೇ ಸೂತ್ರವಿದೆ. ಆದರೆ ಕೊಟ್ಟಷ್ಟು ಕೊಳ್ಳುವ ಲೆಕ್ಕವೆಂದು ಅದನ್ನು ಓದಿದರೆ ಸೂತ್ರವೇ ಕಿರಿದಾಗುತ್ತದೆ.

ಏಕೆಂದರೆ ಆ ಮರದಲ್ಲಿ ಬೀಡುಬಿಟ್ಟ ಇರುವೆಗಳಲ್ಲಿ ಹಲವು ಜಾತಿಯವು ಕಾವಲು ಕಾಯುವುದೇ ಇಲ್ಲ; ಮಧು ಹೀರಿ ಸುಮ್ಮನಿರುತ್ತವೆ. ಒಂದು ಬಗೆಯ ಎರೆಹುಳುವೂ ಪುಟ್ಟ ಜೇನೂ ಕರೆಯದೆ ಬಂದು ಅದೇ ಟೊಳ್ಳುಗಳಲ್ಲಿ ನೆಲೆಸುತ್ತವೆ. ಮೇಲ್ನೋಟಕ್ಕೆ ಇವು ಬಿಟ್ಟಿ ಅತಿಥಿಗಳು. ಆದರೆ ಇರುವೆ ಮತ್ತು ಎರೆಹುಳುಗಳು ಬಿಟ್ಟ ಕಸದಿಂದ ಮರವು ಪೋಷಕಾಂಶವನ್ನು ಹೀರಿಕೊಳ್ಳುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಯಾರಿಂದ ಯಾರಿಗೆ ಏನು ಸಲ್ಲುತ್ತಿದೆ ಎಂಬುದು ಹೊರಗಿನ ಕಣ್ಣಿಗೆ ಅಷ್ಟು ಬೇಗ ಕಾಣುವುದಿಲ್ಲ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಸೂತ್ರವನ್ನು ವಿವರಿಸುವಾಗ ಸ್ವಾಮಿ–ಸೇವಕ, ಗುರು–ಶಿಷ್ಯರ ಉದಾಹರಣೆ ಕೊಟ್ಟು ಅಲ್ಲಿಗೇ ನಿಲ್ಲಲಿಲ್ಲ; ಸುಖ, ದುಃಖ, ಬದುಕು, ಸಾವು ನಾಲ್ಕಕ್ಕೂ ಜೀವಗಳು ಒಂದಕ್ಕೊಂದು ನಿಮಿತ್ತವೆಂದರು. ಸಿಹಿ ಮಾತಾಗಿಬಿಟ್ಟ ಸೂತ್ರಕ್ಕೆ ಭಾರವಿರುವುದು ಇಲ್ಲಿಯೇ.

ಜೈನ ವಿಭಾಗದಲ್ಲಿ ಮರವು ಏಕೇಂದ್ರಿಯ, ಹುಳು ದ್ವೀಂದ್ರಿಯ, ಇರುವೆ ತ್ರೀಂದ್ರಿಯ, ಜೇನು ಚತುರಿಂದ್ರಿಯ. ಗೇಣುದ್ದದ ರೆಂಬೆಯ ಆಸುಪಾಸಿನಲ್ಲಿ ನಾಲ್ಕೂ ಇವೆ! ಇವುಗಳಲ್ಲಿ ಯಾವುದಕ್ಕೂ ಮನಸ್ಸಿಲ್ಲ. ಆದ್ದರಿಂದ ಅವುಗಳ ಸಹಬಾಳ್ವೆಯನ್ನು ವ್ರತವೆನ್ನಲಾಗದು. ವ್ರತದ ಪ್ರಶ್ನೆ ಎದುರಾಗುವುದು ಐದನೆಯವನು ಬಂದಾಗ. ಕಾಡು ನೋಡಲು ಬಂದ ಆ ಪಂಚೇಂದ್ರಿಯನು ಮಾತನಾಡುತ್ತ ನಡೆಯುವಾಗ ಕೈಗೆ ಸಿಕ್ಕ ರೆಂಬೆಯನ್ನು ಮುರಿದು ಎಸೆಯುತ್ತಾನೆ. ಹಸಿವೂ ಇಲ್ಲ, ಕೋಪವೂ ಇಲ್ಲ. ಪ್ರಯೋಜನವಿಲ್ಲದೆ ಗಿಡ ಕಡಿಯುವುದನ್ನು ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಸಾಲಿಗೆ ಸೇರಿಸಿದ್ದಾರೆ. ಅವನ ಪಾಲಿಗೆ ಅದು ಒಂದು ಕಡ್ಡಿ. ನೆಲಕ್ಕೆ ಬಿದ್ದ ಆ ಕಡ್ಡಿಯ ಸೀಳಿನಿಂದ ಇರುವೆಗಳು ಬಿಳಿಯ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಹೊರಬರುವಷ್ಟರಲ್ಲಿ ಅವನು ಮುಂದಿನ ತಿರುವನ್ನು ದಾಟಿರುತ್ತಾನೆ.