ಗಣಿದೂಳಿಗೆ ಮದ್ದು ಯಾವುದು?

ಕಲ್ಲಿದ್ದಲು ಗಣಿಗಳಲ್ಲಿ ದೂಳನ್ನು ಅಡಗಿಸಲು ಸಿಂಪಡಿಸುವ ನೀರಿಗೆ ತೇವಕಾರಕವನ್ನು, ಎಂದರೆ ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುವ, ಸಾಬೂನಿನ ಜಾತಿಯ ರಾಸಾಯನಿಕವನ್ನು ಬೆರೆಸುವ ರೂಢಿಯಿದೆ. ಕಲ್ಲಿದ್ದಲು ಸುಲಭವಾಗಿ ನೆನೆಯುವ ವಸ್ತುವಲ್ಲವಾದ್ದರಿಂದ ಬರಿಯ ನೀರಿನ ಹನಿ ಅದರ ಸೂಕ್ಷ್ಮ ಕಣಗಳ ಮೇಲೆ ಹರಡದೆ ಜಾರುತ್ತದೆ. ತೇವಕಾರಕ ಸೇರಿದ ಹನಿಯಾದರೋ ಕಣವನ್ನು ಆವರಿಸಿಕೊಂಡು, ಅದರ ಭಾರವನ್ನು ಹೆಚ್ಚಿಸಿ ನೆಲಕ್ಕಿಳಿಸುತ್ತದೆ.

ಚಿತ್ರದುರ್ಗ ಜಿಲ್ಲೆಯಲ್ಲಿ ಕಲ್ಲಿದ್ದಲಿಲ್ಲ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಬೆಟ್ಟಸಾಲಿನಲ್ಲಿರುವುದು ಕಬ್ಬಿಣ ಮತ್ತು ಮ್ಯಾಂಗನೀಸಿನ ಅದಿರು. ಆದುದರಿಂದ ಅಲ್ಲಿಯ ಮದ್ದನ್ನು ಇಲ್ಲಿಗೆ ಹಾಗೆಯೇ ತರಬಹುದೇ ಎಂಬುದನ್ನು ಮೊದಲು ವಿಚಾರಿಸಬೇಕು. ಕಬ್ಬಿಣದ ಅದಿರು ಕಲ್ಲಿದ್ದಲಿಗಿಂತ ಬಹಳ ಸುಲಭವಾಗಿ ನೆನೆಯುತ್ತದೆ. ಇಲ್ಲಿಯ ತೊಡಕು ನೆನೆಯುವುದರಲ್ಲಿಲ್ಲ, ಬೇಗನೆ ಒಣಗುವುದರಲ್ಲಿದೆ: ಬಿಸಿಲಿನಲ್ಲಿ ಟ್ಯಾಂಕರ್ ನೀರು ಚಿಮುಕಿಸಿ ಹೋದ ಮಣ್ಣುದಾರಿ ಸ್ವಲ್ಪ ಹೊತ್ತಿನಲ್ಲೇ ಆರಿ, ಮುಂದಿನ ಲಾರಿಯ ಗಾಲಿಗೆ ಮತ್ತೆ ಕೆಂದೂಳಾಗಿ ಏಳುತ್ತದೆ. ಗಾಳಿಯ ತೇವವನ್ನು ಹೀರಿ ದಾರಿಯನ್ನು ಹಸಿಯಾಗಿಡುವ ಮೆಗ್ನೀಸಿಯಂ ಕ್ಲೋರೈಡಿನಂಥ ಲವಣಗಳು ಇದಕ್ಕೆ ತೇವಕಾರಕಕ್ಕಿಂತ ಹೆಚ್ಚು ಹೊಂದುತ್ತವೆ, ನಿಜ. ಆದರೆ ಅವು ಮಳೆಗೆ ಕರಗಿ ಹರಿಯುವುದು ಭೀಮಸಮುದ್ರದಂಥ ಅಡಿಕೆ ಸೀಮೆಯ ತೋಟ, ಬಾವಿಗಳ ಕಡೆಗಾದರೆ, ಗಾಳಿಯ ಕೇಡನ್ನು ನೆಲಕ್ಕೆ ಇಳಿಸಿದಂತಷ್ಟೇ ಆಗುತ್ತದೆ.

ನೀರಿನ ಪ್ರಶ್ನೆಯೂ ಸಣ್ಣದಲ್ಲ. ಇದೇ ಜಿಲ್ಲೆಯ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಂಥ ಬರದ ನಾಡಿನಲ್ಲಿ ದಾರಿಗೆ ಸುರಿಯುವ ಪ್ರತಿ ಟ್ಯಾಂಕರಿಗೂ ಲೆಕ್ಕ ಕೇಳುವುದು ನ್ಯಾಯವಾಗಿದೆ.

ನೆಲದ ಲೆಕ್ಕವನ್ನು ನ್ಯಾಯಾಲಯ ಈಗಾಗಲೇ ಕೇಳಿದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು; 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದ್ದನ್ನು ಒಪ್ಪಿ, ಕೆಟ್ಟ ನೆಲದ ಪುನಶ್ಚೇತನವನ್ನು ಗಣಿಗಾರಿಕೆಯ ಷರತ್ತಾಗಿಸಿತು. ಗಾಳಿಗೂ ಅದೇ ನಿಷ್ಠುರತೆ ಸಲ್ಲಬೇಕು. ಹತ್ತು ಮೈಕ್ರಾನಿಗಿಂತ ಸಣ್ಣ ಕಣಗಳು ಒಂದು ಘನಮೀಟರ್ ಗಾಳಿಯಲ್ಲಿ 24 ಗಂಟೆಗಳ ಸರಾಸರಿಯಲ್ಲಿ 100 ಮೈಕ್ರೋಗ್ರಾಂ ಮೀರಬಾರದೆಂದು ದೇಶದ ಮಾನದಂಡ ಹೇಳುತ್ತದೆ. ಈ ಅಳತೆ ಗಣಿಯ ಗೇಟಿನಲ್ಲಷ್ಟೇ ಅಲ್ಲದೆ ಲಾರಿ ಹಾಯುವ ಹಳ್ಳಿಯ ಶಾಲೆಯ ಬಳಿಯೂ ನಡೆದು, ಊರವರಿಗೆ ತಿಳಿಯಬೇಕು. ಯಾವ ಸಿಂಪಡಣೆಯೂ ದೂಳಿನ ಮೂಲವನ್ನು ತೆಗೆಯುವುದಿಲ್ಲ. ಅದಿರನ್ನು ಮುಚ್ಚಿದ ಕನ್ವೇಯರ್ ಬೆಲ್ಟಿನಲ್ಲಿ ರೈಲಿಗೆ ಸೇರಿಸಿ ಹಳ್ಳಿಯ ದಾರಿಯಿಂದ ಲಾರಿಗಳನ್ನು ತೆಗೆಯುವುದೇ ಇಲ್ಲಿಗೆ ತಕ್ಕ ಪರಿಹಾರ, ಅದರ ವೆಚ್ಚವನ್ನು ಅದಿರಿನ ಲಾಭ ಪಡೆಯುವವರೇ ಹೊರಬೇಕು.